ಹುಡುಗಿಯ ಬ್ಲಾಗು, ನನ್ನ ಹೆಂಡತಿಯ ಗುಟ್ಟು

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ರೇಷ್ಮೆಗೂಡು ಬೇಯಿಸಿ ದಾರ ತೆಗೆಯುತ್ತಾ ಕೂತಿದ್ದೆ. ಕಾಲೇಜು ಹುಡುಗಿಯೊಬ್ಬಳು ಬಂದು, "ಆಂಟಿ ಇದಾರಾ ಅಂಕಲ್?" ಅಂದಳು.

"ತೀರಿಕೊಂಡು ನಾಲ್ಕು ತಿಂಗಳಾಯ್ತಮ್ಮ" ಅಂದೆ.

ಅವಳು ಬಾಗಿಲಲ್ಲೇ ಕೂತುಬಿಟ್ಟಳು. ಹೋದ ವರ್ಷ ಬಂದು ರೇಷ್ಮೆ ಕೆಲಸದ ಬಗ್ಗೆ ನನ್ನ ಹೆಂಡತಿಯನ್ನು ಮಾತಾಡಿಸಿದ್ದಳಂತೆ. ಅದನ್ನೇ ಬರೆದು ಬ್ಲಾಗು ಶುರು ಮಾಡಬೇಕು, ಮೊಬೈಲಲ್ಲಿ ಎಲ್ಲರೂ ಓದಬೇಕು ಅಂತ ಆಸೆ. ಇನ್ನೂ ಸರಿಯಾಗಿಲ್ಲ ಅಂತ ತಿದ್ದುತ್ತಲೇ ಇದ್ದಳಂತೆ. ಆಂಟಿಗೆ ತೋರಿಸೋದು ತಪ್ಪಿಹೋಯ್ತು ಅಂತ ಅತ್ತಳು.

"ನನಗೇ ಓದಮ್ಮ" ಅಂದೆ.

ಓದಿದಳು. ಅದರಲ್ಲಿ ನನ್ನ ಹೆಂಡತಿಯ ಮಾತು ಹಾಗೇ ಇತ್ತು. "ನಮ್ಮೆಜಮಾನ್ರಿಗೆ ಗೂಡು ಆರಿಸೋಕೆ ಬರಲ್ಲಮ್ಮ. ಮಾರ್ಕೆಟಿಂದ ತಂದಿದ್ರಲ್ಲಿ ಕೆಟ್ಟಿದ್ದನ್ನೆಲ್ಲ ನಾನೇ ಹೆಕ್ಕಿ ಎಸೀತೀನಿ. ಅವ್ರಿಗೆ ಗೊತ್ತಿಲ್ಲ. ಗೊತ್ತಾದ್ರೆ ಮುಖ ಬಾಡುತ್ತೆ."

ನನ್ನ ಕೈ ಬಿಸಿನೀರಲ್ಲೇ ನಿಂತಿತು. ಸುಟ್ಟಿದ್ದೂ ತಿಳಿಯಲಿಲ್ಲ. ಹೆಂಡತಿ ಹೋದಮೇಲೆ ದಾರ ಪದೇ ಪದೇ ಕಡಿದುಹೋಗುತ್ತಿತ್ತು. ನಾನು ಗೂಡು ಬೆಳೆದ ರೈತರನ್ನು ಬೈಯುತ್ತಿದ್ದೆ.

ಹುಡುಗಿ ನನ್ನ ಮುಖ ನೋಡಿ ಹೆದರಿದಳು. "ಆ ಮಾತು ತೆಗೆದುಬಿಡ್ಲಾ ಅಂಕಲ್? ಇನ್ನೊಂದ್ಸಲ ತಿದ್ದಿ ತರ್ತೀನಿ."

"ತೆಗೀಬೇಡ. ನೀನು ತಿದ್ದಿ ತರೋಷ್ಟರಲ್ಲಿ ನಾನೂ ಇರ್ತೀನೋ ಇಲ್ವೋ. ಇಲ್ಲೇ ಕೂತು ಬ್ಲಾಗಿಗೆ ಹಾಕು."

ಕಣ್ಣು ಮುಚ್ಚಿಕೊಂಡು ಮೊಬೈಲ್ ಒತ್ತಿದಳು.

ಕೆಟ್ಟ ಗೂಡು ಹೆಕ್ಕೋದನ್ನ ಈಗ ನಾನೇ ಕಲಿಯುತ್ತಿದ್ದೇನೆ. ಊರೆಲ್ಲ ಆ ಬ್ಲಾಗು ಓದಿದೆ. ಮಾರ್ಕೆಟಿನ ಹರಾಜಲ್ಲಿ ನಾನು ಚೆನ್ನಾಗಿದೆ ಅಂದ ಗೂಡಿನ ಹತ್ತಿರ ಬೇರೆ ಯಾರೂ ಸುಳಿಯೋದಿಲ್ಲ. ಅದರಿಂದ ಒಂದು ಲಾಭ, ಅಗ್ಗಕ್ಕೆ ಸಿಗುತ್ತಿದೆ.