ಒಳಮನೆಯಿಂದ ಬಂದ ಉತ್ತರ

ಕೊಟ್ಟೂರಿನಲ್ಲಿ ನಾನು ಇಂಗ್ಲಿಷ್ ಟ್ಯೂಷನ್ ಶುರು ಮಾಡಿದ್ದು ಸಾವಾಗಿ ಬಿಟ್ಟುಹೋದ ಮನೆಯಲ್ಲಿ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದ ಮಕ್ಕಳು ಊರ ತುಂಬ ಇದ್ದರು. ನನಗೆ ಇಲ್ಲದ್ದು ಜಾಗ ಮಾತ್ರ.

ನಮ್ಮ ಓಣಿಯ ಕಾಳಿನ ವ್ಯಾಪಾರಿಯೊಬ್ಬರ ಹೆಂಡತಿ ಆಗಷ್ಟೇ ತೀರಿಕೊಂಡಿದ್ದರು. ಜೀವ ಹೋದ ನಕ್ಷತ್ರ ಕೆಟ್ಟದ್ದೆಂದು ಅಯ್ಯನವರು ಪಂಚಾಂಗ ನೋಡಿ ಹೇಳಿದ್ದರಿಂದ ಆರು ತಿಂಗಳು ಮನೆ ಬಿಡಬೇಕಾಯಿತು. ನಮ್ಮ ಕಡೆ ಇದು ಹೊಸದಲ್ಲ. ಹೋಗುವ ದಿನ ಒಳಮನೆಯ ನೆಲಕ್ಕೆ ಬೂದಿ ಚೆಲ್ಲಿ, ಕದಕ್ಕೆ ಜಾಲಿಮುಳ್ಳು ಬಡಿದು, ಮನೆಮಂದಿಯೆಲ್ಲ ಬಾಡಿಗೆ ಮನೆ ಸೇರುತ್ತಾರೆ. ಅವಧಿ ಮುಗಿಯುವ ಮೊದಲು ಆ ಮನೆತನದವರು ಯಾರೇ ಒಳಗೆ ಕಾಲಿಟ್ಟರೂ ಇನ್ನೊಂದು ಸಾವು ಖಚಿತ ಎಂಬ ನಂಬಿಕೆ. ಹೊರಗಿನವರಿಗೆ ಆ ಕಟ್ಟಿಲ್ಲ. ನಾನು ಹೋಗಿ ಪಡಸಾಲೆ ಕೇಳಿದೆ.

ಯಜಮಾನರು ಮೀಸೆ ನೀವಿಕೊಂಡರು. "ಒಲಿ ಹಚ್ಚಬ್ಯಾಡ್ರಿ, ದೀಪ ಹಚ್ಚಬ್ಯಾಡ್ರಿ, ಒಳಮನಿ ಕದ ಮುಟ್ಟಬ್ಯಾಡ್ರಿ. ಇಂಗ್ಲಿಷ್ ಓದಿದ್ರ ಅಡ್ಡಿ ಇಲ್ಲ. ಆಕಿಗೆ ಇಂಗ್ಲಿಷ್ ಬರ್ತಿದ್ದಿಲ್ಲ."

ಹೊರಗೆ ಬಂದಾಗ ಅವರ ಸೊಸೆ ಓಣಿಯ ತಿರುವಿನವರೆಗೂ ನನ್ನ ಹಿಂದೆಯೇ ಬಂದಳು. ಇಲ್ಲೇ ನಮ್ಮ ಕಡೆಯ ಅರಸೀಕೆರೆಯ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ದೊಡ್ಡವಳು, ಎರಡು ಮಕ್ಕಳ ತಾಯಿ. ಆದರೂ ಟೀಚರಮ್ಮನನ್ನು ಕರೆಯುವಂತೆ ನನ್ನನ್ನು ಅಕ್ಕೋರು ಎಂದೇ ಕರೆದಳು. "ಅಕ್ಕೋರ, ನನ್ನೂ ಸೇರಿಸ್ಕೊಳ್ರಿ. ಇಂಗ್ಲಿಷ್ ಒಂದ ಹೋಗೇತಿ. ಈ ಓಣಿ ಅಂಗನವಾಡಿ ಕೆಲಸ ಖಾಲಿ ಆಗತೈತಂತ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನನ್ನ ವಯಸ್ಸಿಗೆ ಇದೊಂದ ವರ್ಷ ಉಳಿದೈತ್ರಿ." ಮಾರ್ಚಿನ ಪರೀಕ್ಷೆಗೆ ತವರಿನ ಅಣ್ಣ ಅರ್ಜಿ ತುಂಬಿಯೂ ಬಿಟ್ಟಿದ್ದನಂತೆ.

ನಾನು ಯಜಮಾನರನ್ನು ಕೇಳಿದೆ. ಮನೆತನದ ಸೊಸೆ ಆ ಮನೆಗೆ ಹೇಗೆ ಬಂದಾಳು, ಆರು ತಿಂಗಳು ಕಳೆಯಲಿ, ಆಮೇಲೆ ನೋಡೋಣ ಎಂದರು. ಆರು ತಿಂಗಳಿಗೆ ಪರೀಕ್ಷೆಯೇ ಮುಗಿದಿರುತ್ತಿತ್ತು. ಹಾಗಾದರೆ ನಿಮ್ಮ ಬಾಡಿಗೆ ಮನೆಗೇ ಬಂದು ಹೇಳಿಕೊಡುತ್ತೇನೆ ಎನ್ನಬಹುದಾಗಿತ್ತು. ಎನ್ನಲಿಲ್ಲ. ಪುಕ್ಕಟೆ ಪಡಸಾಲೆ ಕೈತಪ್ಪೀತು ಎಂದು ಬಾಯಿ ಮುಚ್ಚಿಕೊಂಡೆ.

ಪಾಠ ಸಂಜೆ ಐದಕ್ಕೆ. ದೀಪ ಹಚ್ಚುವಂತಿಲ್ಲವಾದ್ದರಿಂದ ಕತ್ತಲಾಗುವಷ್ಟರಲ್ಲಿ ಮುಗಿಸಬೇಕು. ಹನ್ನೊಂದು ಮಕ್ಕಳು ಒಳಮನೆಯ ಮುಳ್ಳು ಬಡಿದ ಕದಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ನನ್ನದು ಕೋಷ್ಟಕದ ಪದ್ಧತಿ. ಹಲಗೆಯ ಮೇಲೆ ಗೆರೆ ಎಳೆದು ಮೂರು ಕಾಲಂ ಮಾಡುವುದು; ಒಂದರಲ್ಲಿ ಹಿ, ಷಿ, ದೇ; ಇನ್ನೊಂದರಲ್ಲಿ ಮೇ, ಕ್ಯಾನ್, ಮಸ್ಟ್; ಮೂರನೆಯದರಲ್ಲಿ ಇನ್, ಅಂಡರ್, ಬಿಹೈಂಡ್. ನಾನು ಕೋಲಿನಿಂದ ತೋರಿಸಿದ್ದನ್ನು ಜೋಡಿಸಿ ಎಲ್ಲರೂ ಕೂಡಿ ಹೇಳಬೇಕು. ಷಿ ಮೇ ಬಿ ಬಿಹೈಂಡ್ ದ ಡೋರ್. ನಮ್ಮ ಮಕ್ಕಳಿಗೆ ಇದು ಕಬ್ಬಿಣದ ಕಡಲೆ. ನಾವು ಬಾಗಿಲು ಮೊದಲು ಹೇಳಿ ಹಿಂದೆ ಎನ್ನುವುದನ್ನು ಆಮೇಲೆ ಹೇಳುವವರು; ಅವರು 'ಡೋರ್ ಬಿಹೈಂಡ್' ಎಂದೇ ಒದರುತ್ತಿದ್ದರು. ಹಿರಿಯರನ್ನು 'ಅವರು' ಎಂದು ಕರೆದು ರೂಢಿಯಾದ ಬಾಯಿ, ಒಬ್ಬ ಮುದುಕಿಗೂ 'ದೇ' ಎನ್ನುತ್ತಿತ್ತು. 'ದೇ ಆರ್ ಇನ್ ದ ಹೌಸ್' ಎಂದು ಆ ಪಡಸಾಲೆಯಲ್ಲಿ ಹನ್ನೊಂದು ಬಾಯಿ ಒಟ್ಟಿಗೆ ಹೇಳಿದಾಗ ನನಗೇ ಒಂದು ಥರ ಆಗುತ್ತಿತ್ತು.

ಮೂರನೇ ವಾರವೇನೋ. ಎಲ್ಲರೂ ಹೇಳಿ ನಿಲ್ಲಿಸಿದ ಮೇಲೆ ಕದದ ಆಚೆಯಿಂದ ಇನ್ನೊಂದು ದನಿ ವಾಕ್ಯದ ಕೊನೆಯ ತುದಿಯನ್ನು ಹೇಳಿ ಮುಗಿಸಿತು. ಮೆಲ್ಲಗೆ, ಹೆಣ್ಣುದನಿ. "ಮೇಡಂ, ಗ್ವಾಡಿ ತಿರುಗಿ ಮಾತಾಡಕತ್ತೈತ್ರಿ" ಎಂದು ಹುಡುಗಿಯೊಬ್ಬಳು ನಕ್ಕಳು. ನಾನೂ ನಕ್ಕೆ. ಮರುದಿನ ಮತ್ತೆ ಬಂತು. 'ಡೋರ್ ಬಿಹೈಂಡ್' ಎಂದಿತು. ನಾನು ಮಕ್ಕಳನ್ನು ಬೈದು ತಿದ್ದಿದೆ; ಒಳಗಿನದೂ ತಿದ್ದಿಕೊಂಡಿತು.

ಆಮೇಲೆ ಯಾರೂ ನಗಲಿಲ್ಲ. ಮಕ್ಕಳು ಕದ ಬಿಟ್ಟು ಗೋಡೆಗೆ ಸರಿದು ಕೂತರು. ಒಂದು ಸಂಜೆ ನಾನು ಕೇಳಿದ ಪ್ರಶ್ನೆಗೆ ಹನ್ನೊಂದರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಪಡಸಾಲೆ ಮಬ್ಬಾಗಿತ್ತು, ಹಲಗೆಯ ಅಕ್ಷರ ಕಾಣುತ್ತಿರಲಿಲ್ಲ. ಒಳಗಿನಿಂದ ಉತ್ತರ ಬಂತು. ಒಂದೂ ತಪ್ಪಿಲ್ಲದ ವಾಕ್ಯ. ಪಾಠ ಅಲ್ಲಿಗೇ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಿದೆ.

ಎಂಥ ದಡ್ಡಿ ನಾನು. ಸತ್ತವರು ದಿನದಿನಕ್ಕೆ ವ್ಯಾಕರಣ ಸುಧಾರಿಸಿಕೊಳ್ಳುತ್ತಾರೆಯೇ? ಮೇಷ್ಟರಗಿತ್ತಿ ಎಂದು ಮೆರೆಯುತ್ತಿದ್ದವಳಿಗೆ ಅಷ್ಟು ಹೊಳೆಯಬೇಡವೇ? ಹೊಳೆಯಲಿಲ್ಲ. ನೇರ ಯಜಮಾನರ ಬಳಿ ಹೋಗಿ, ಒಳಮನೆಯಲ್ಲಿ ಹೆಂಗಸಿನ ದನಿ ಕೇಳುತ್ತದೆ ಎಂದುಬಿಟ್ಟೆ. ಆಗ ಸೊಸೆ ಅಡುಗೆಮನೆಯಲ್ಲಿದ್ದಳು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಮರುದಿನ ಅಯ್ಯನವರು ಬಂದರು. ಮನೆಮಂದಿ ಬೀದಿಯಲ್ಲಿ ನಿಂತರು. ಹೊರಗಿನವಳಾದ ನಾನು ಅಯ್ಯನವರ ಹಿಂದೆ ಹಿತ್ತಲ ಕಡೆಯಿಂದ ಒಳಮನೆಗೆ ಹೋದೆ. ಬೂದಿಯ ಮೇಲೆ ಬರಿಗಾಲಿನ ಹೆಜ್ಜೆಗಳಿದ್ದವು. ಹಿತ್ತಲ ಬಾಗಿಲಿನಿಂದ ಹೊರಟು ನಮ್ಮ ಪಡಸಾಲೆಯ ಕದದವರೆಗೂ ಬಂದಿದ್ದವು. ಅಲ್ಲಿ, ಕದಕ್ಕೆ ಆತುಕೊಂಡು ಯಾರೋ ಕೂತ ಜಾಗದಲ್ಲಿ ನೆಲ ಬರಿದಾಗಿತ್ತು.

"ಮುದುಕಿ ದಿನಾ ಬಂದು ಕುಂದರತಾಳ" ಎಂದರು ಅಯ್ಯನವರು. ನಾನು ಕೆಳಗೆ ನೋಡಿದೆ. ಕೂತ ಜಾಗದ ಪಕ್ಕದಲ್ಲಿ, ಬೂದಿಯಲ್ಲಿ, ಬೆರಳಿನಿಂದ ಗೀಚಿದ ಇಂಗ್ಲಿಷ್ ಅಕ್ಷರಗಳಿದ್ದವು. ನನ್ನ ಹಿಂದಿನ ದಿನದ ಪಾಠ. ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ಸತ್ತಾಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಯ್ಯನವರು ಅದನ್ನು ಪ್ರೇತದ ಗೀರು ಎಂದು ಕಾಲಿನಿಂದ ಒರೆಸಿದರು.

ಬೀದಿಗೆ ಬಂದೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ನಾನು ನಿಜ ಹೇಳಿಬಿಟ್ಟಿದ್ದರೆ, ಕಟ್ಟು ಮುರಿದವಳು ಇವಳೇ ಎಂದು ಮುಂದೆ ಆ ಮನೆಯಲ್ಲಿ ಬರುವ ಒಂದೊಂದು ಜ್ವರವನ್ನೂ ಅವಳ ತಲೆಗೆ ಕಟ್ಟುತ್ತಿದ್ದರು. ಹಾಗೆಂದು ಸುಮ್ಮನಿದ್ದೆ. ಪಡಸಾಲೆ ಹೋದೀತೆಂಬ ಭಯವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೋ ಇವತ್ತಿಗೂ ಹೇಳಲಾರೆ. ಹಿತ್ತಲ ಬಾಗಿಲಿಗೆ ಹೊಸ ಬೀಗ ಬಿತ್ತು, ಪ್ರೇತ ದಾಟದಿರಲೆಂದು ಹೊಸ್ತಿಲಿಗೆ ಮೊಳೆ ಹೊಡೆದರು.

ಯಜಮಾನರು ಚಹಾ ಕುಡಿದು ಹೋಗಿ ಎಂದು ಬಾಡಿಗೆ ಮನೆಗೆ ಕರೆದೊಯ್ದರು. ಲೋಟ ಕೊಡುವಾಗ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಇನ್ನ ಎಲ್ಲಿ ಕುಂದ್ರಲಿ ಅಕ್ಕೋರ?"

ನಾನು ಲೋಟ ತೆಗೆದುಕೊಂಡು ಯಜಮಾನರ ಕಡೆ ತಿರುಗಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅತ್ತೆಯ ಜೀವ ತೃಪ್ತಿಯಾಗದೆ ಅಲೆಯುತ್ತಿದೆ ಎಂದರೆ ಸೊಸೆ ಏನೋ ಕಡಿಮೆ ಮಾಡಿದ್ದಾಳೆ ಎಂದು ಹಿರಿಯರು ತೀರ್ಮಾನಿಸಿದರು. ಐದು ಮಂಗಳವಾರ ಉಚ್ಚಂಗಿದುರ್ಗದ ಗುಡ್ಡ ಹತ್ತಿ ಅಮ್ಮನಿಗೆ ಉಡಿ ತುಂಬಬೇಕೆಂದು ಅವಳಿಗೆ ಹೇಳಿದರು. ಇಂಗ್ಲಿಷ್ ಪರೀಕ್ಷೆ ನಾಲ್ಕನೇ ಮಂಗಳವಾರ ಬಿತ್ತು. ಬೆಳಿಗ್ಗೆ ನಾನು ಮಕ್ಕಳನ್ನು ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದಾಗ ಅವಳು ಉಡಿಯ ಬುಟ್ಟಿ ಹಿಡಿದು ಗಂಡನ ಪಕ್ಕ ಬಸ್ಸಿಗೆ ಕಾಯುತ್ತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ದೇವರ ನಾಮವೋ ಏನೋ, ಹತ್ತಿರ ಹೋಗಿ ಕೇಳಿಸಿಕೊಳ್ಳಲು ನನಗೆ ಹೆದರಿಕೆಯಾಯಿತು.

ಪರೀಕ್ಷೆಯವರೆಗಿನ ಅಷ್ಟೂ ದಿನ ಆ ಕದದ ಹಿಂದೆ ಸದ್ದಿರಲಿಲ್ಲ. ಮಕ್ಕಳು ಖುಷಿಯಾಗಿದ್ದರು. ನಾನೊಬ್ಬಳೇ ಪ್ರತಿ ವಾಕ್ಯ ಮುಗಿದ ಮೇಲೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಒಳಗಿನಿಂದ ಏನೂ ಬರದೇ ಇರುವುದು, ಬರುತ್ತಿದ್ದುದಕ್ಕಿಂತ ಹೆಚ್ಚು ಮೈ ಜುಮ್ಮೆನ್ನಿಸುತ್ತಿತ್ತು.

ಹನ್ನೊಂದರಲ್ಲಿ ಒಂಬತ್ತು ಮಂದಿ ಪಾಸಾದರು. ಗೋಡೆ ಮಾತಾಡುತ್ತದೆ ಎಂದು ನಕ್ಕಿದ್ದ ಹುಡುಗಿಗೆ ಹದಿನೆಂಟು ತುಂಬಿತ್ತು; ಕೆಲವೇ ದಿನಗಳಲ್ಲಿ ಅವಳಿಗೆ ಅದೇ ಓಣಿಯ ಅಂಗನವಾಡಿ ಕೆಲಸ ಸಿಕ್ಕಿತು. ಅವಳ ತಾಯಿ ಮನೆಗೇ ಬಂದು ಪೇಡೆ ಕೊಟ್ಟುಹೋದರು.

ಕೊನೆಗೆ ಧೈರ್ಯ ಮಾಡಿ ಸೊಸೆಯ ಬಳಿಗೆ ಹೋದೆ. ಮನೆಗೆ ಸುಣ್ಣ ಬಳಿದು ಎಲ್ಲರೂ ವಾಪಸು ಬಂದಿದ್ದರು. ಅವಳು ಕಿರಿಯ ಮಗನನ್ನು ಅಂಗನವಾಡಿಗೆ ಬಿಟ್ಟು ಬರುತ್ತಿದ್ದಳು. ಅಕ್ಟೋಬರಿನ ಪರೀಕ್ಷೆಗೆ ಕಟ್ಟು, ಯಾರು ಏನೆಂದರೂ ನಾನೇ ಬಂದು ಕಲಿಸುತ್ತೇನೆ ಎಂದೆ.

"ಯಾತಕ್ಕ ಬಿಡ್ರಿ ಅಕ್ಕೋರ. ಕೆಲಸ ತುಂಬೇತಿ. ನಿಮ್ಮ ಹುಡುಗೀನ ಬಂದಾಳ, ಛಲೋ ನೋಡ್ಕೊಂತಾಳ ಹುಡುಗರ್ನ. ಛಲೋ ಕಲಿಸೀರಿ ಆಕಿಗೆ."

ಆ ಮಾತಿನಲ್ಲಿ ಕೊಂಕು ಇದೆಯೇ ಎಂದು ಅವಳ ಮುಖ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.