ಅತ್ತೆಯ ಕಿಟಕಿಯ ಕೆಳಗಿನ ಹೆಗ್ಗಣ

ಇಂದು ಬೆಳಿಗ್ಗೆ ನಮ್ಮ ಕಟ್ಟಡದ ಕಾಂಪೌಂಡ್ ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆಯೊಂದು ಕಂಡಿತು. ವಾಚ್‌ಮನ್ ಅದನ್ನು ಕಾಲಿನಿಂದ ಒದ್ದು, "ಘೂಸ್ ಹೈ, ಮೇಡಂ" ಎಂದ. ಇಲ್ಲಿಯವರ ಘೂಸ್ ಎಂದರೆ ನಮ್ಮ ಹೆಗ್ಗಣ. ಹೆಸರು ಕೇಳಿ ನೀವು ಮೂಗು ಮುರಿಯುತ್ತೀರಿ. ನನಗೆ ಅತ್ತೆ ನೆನಪಾಗುತ್ತಾರೆ. ಹೋಲಿಕೆಯಿಂದಲ್ಲ, ತಪ್ಪು ತಿಳಿಯಬೇಡಿ.

ಮದುವೆಯಾಗಿ ನಾನು ಬಂದದ್ದು ಠಾಣೆ ಶಹರದ ಪಕ್ಕದ ಕಳವಾ ಎಂಬಲ್ಲಿನ ಒಂದು ಕೋಣೆಯ ಮನೆಗೆ. ಅತ್ತೆ, ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ನನ್ನ ಗಂಡ, ನಾನು. ನಡುವೆ ಹಳೆಯ ಸೀರೆಯ ಪರದೆ. ಅದರಾಚೆ ಅತ್ತೆ ಮಗ್ಗುಲು ಬದಲಿಸಿದರೆ ಈಚೆ ನಾವಿಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಮೂರು ವರ್ಷವಾದರೂ ಮಕ್ಕಳಾಗದಿದ್ದಾಗ ಅತ್ತೆ ಉಡುಪಿ ಕಡೆಯ ದೇವರಿಗೆಲ್ಲ ಹರಕೆ ಹೊತ್ತರು, ನನಗೆ ಕಷಾಯ ಕುಡಿಸಿದರು. ಪರದೆಯ ಮಾತೆತ್ತಲು ನನಗೆ ನಾಚಿಕೆ, ಗಂಡನಿಗೆ ನನಗಿಂತ ಹೆಚ್ಚು. ಕಷಾಯವನ್ನೇ ಕುಡಿದೆ.

ಆ ಬೇಸಿಗೆಯಲ್ಲಿ ಹಿಂದಿನ ಕಿಟಕಿಯ ಕೆಳಗೆ ಹೆಗ್ಗಣವೊಂದು ಬಿಲ ತೋಡಿತು. ಅತ್ತೆ ಇಟ್ಟಿಗೆ ಚೂರು ತುಂಬಿ ಮುಚ್ಚಿದರೆ ಬೆಳಗಾಗುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಬಾಯಿ. ಕೊನೆಗೆ ಕುದಿಯುವ ನೀರು ಹಿಡಿದು ಬಗ್ಗಿದವರು ಹಾಗೆಯೇ ನಿಂತರು. ಒಳಗಿನಿಂದ ಚಿಂವ್ ಚಿಂವ್ ಸದ್ದು.

"ಮರಿ ಉಂಟು ಮಾರಾಯ್ತಿ," ಎಂದು ನೀರನ್ನು ತಂದು ನನ್ನ ಸ್ನಾನದ ಬಾಲ್ದಿಗೆ ಹೊಯ್ದರು.

ಅಂದಿನಿಂದ ಅವರ ಸಂಜೆಗಳು ಕಿಟಕಿಯ ಬಳಿಯೇ ಕಳೆದವು. ಹೊರಬಂದ ಐದು ಮರಿಗಳಿಗೆ ಚಪಾತಿಯ ತುಂಡು ಎಸೆದು, ಪಕ್ಕದ ಮನೆಯಾಕೆ ಬೈದರೆ ಕಿವಿ ಕೇಳದವರಂತೆ ಕೂರುತ್ತಿದ್ದರು. ಮರಿಗಳು ಬೆಳೆದಂತೆ ಬಿಲದ ಬಾಯಲ್ಲಿ ಜಗಳ ಶುರುವಾಯಿತು. ಒಂದು ನಾಲೆ ದಾಟಿತು, ಇನ್ನೊಂದು ರೈಲ್ವೆ ಗೋಡೆಯತ್ತ ಹೋಯಿತು. ಕೊನೆಗುಳಿದ ಹರಿದ ಕಿವಿಯ ಹೆಣ್ಣು ಬಹಳ ದಿನ ಅಲ್ಲೇ ಸುಳಿದಾಡಿತು. ಒಳಹೊಕ್ಕರೆ ತಾಯಿಯೇ ಕಚ್ಚಿ ಅಟ್ಟುತ್ತಿತ್ತು. ಒಂದು ಸಂಜೆ ಅದೂ ಕಾಣಲಿಲ್ಲ.

"ಸಾಕಿದ್ದನ್ನೇ ಓಡಿಸುವುದಾ? ಎಂತ ತಾಯಿ ಇದು!" ಅತ್ತೆ ಅಂದು ಸರಿಯಾಗಿ ಉಣ್ಣಲಿಲ್ಲ.

ಮಳೆ ಹಿಡಿಯುವ ಮುಂಚೆ ಒಂದು ದಿನ ನಲ್ಲಿಯ ಕಡೆಯಿಂದ ಓಡಿಬಂದು ನನ್ನ ಕೈ ಹಿಡಿದೆಳೆದರು. ನಾಲ್ಕು ಮನೆಯಾಚೆ, ನೀರಿನ ಟಾಕಿಯ ಬುಡದಲ್ಲಿ ಹೊಸ ಬಿಲ. ಹರಿದ ಕಿವಿಯ ಅದೇ ಹೆಣ್ಣು ಒಣಹುಲ್ಲು, ಬಟ್ಟೆಯ ಚಿಂದಿ ಕಚ್ಚಿ ಒಳಗೆ ಸಾಗಿಸುತ್ತಿತ್ತು.

"ಬಾಣಂತನಕ್ಕೆ ಹಾಸಿಗೆ," ಎಂದು ಅತ್ತೆ ಪಿಸುಗುಟ್ಟಿದರು. ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

ಮಗ ಊಟಕ್ಕೆ ಕುಳಿತಾಗ ಹೇಳಿದರು: "ಸುರೇಶಾ, ಕೋಪರಿಯಲ್ಲಿ ಒಂದು ಕೋಣೆ ನೋಡು. ನಿಮ್ಮಿಬ್ಬರಿಗೆ."

"ಮತ್ತೆ ನೀನು?"

"ನಾನು ಇಲ್ಲಿಯೇ. ಒಂದು ಸ್ಟೇಷನ್ ದಾಟ್ಲಿಕ್ಕೆ ವೀಸಾ ಬೇಕಾ?"

ಪಾತ್ರೆ ತೊಳೆಯುವಾಗ ನನ್ನ ಪಕ್ಕ ಬಂದು ಕುಳಿತರು. "ಆ ಕಷಾಯ ಕಹಿ ಇತ್ತಾ?"

"ತುಂಬಾ, ಅತ್ತೆ."

"ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದವರ ಕಣ್ಣು ತುಂಬಿತ್ತು.

ಕೋಪರಿಯ ನಮ್ಮ ಹೊಸ ಕೋಣೆಗೆ ಅವರು ಮೊದಲ ಸಲ ಬಂದ ದಿನ ಬಾಗಿಲು ತೆರೆದೇ ಇತ್ತು. ಆದರೂ ಅತ್ತೆ ಹೊರಗೆ ನಿಂತು ಚಿಲಕ ಬಡಿದು, "ಬರಬಹುದಾ?" ಎಂದು ಕೇಳಿದರು. ಮರುವರ್ಷ ಮಗಳು ಹುಟ್ಟಿದಳು. ಆಕೆಯನ್ನು ಎತ್ತಿ ಆಡಿಸಿದ ಅತ್ತೆ ಈಗಿಲ್ಲ.

ಆ ಮಗಳಿಗೆ ಮೊನ್ನೆ ಮದುವೆ ನಿಶ್ಚಯವಾಯಿತು. "ಮಮ್ಮಿ, ಹಮ್ ಬೇಲಾಪುರ್ ಮೇಂ ಘರ್ ದೇಖ್ ರಹೇ ಹೈಂ" ಎಂದಳು. ಅವರಿಬ್ಬರಿಗೆ ಬೇಲಾಪುರದಲ್ಲಿ ಬೇರೆ ಮನೆಯಂತೆ, ಇಲ್ಲಿ ಎರಡು ಕೋಣೆ ಖಾಲಿ ಇರುವಾಗ! ವಾರವಿಡೀ ನಾನು ಮುಖ ಊದಿಸಿಕೊಂಡಿದ್ದೆ. ಇಂದು ಆ ಮಣ್ಣಿನ ಗುಡ್ಡೆ ನೋಡಿ ಮೇಲೆ ಬಂದವಳೇ ಮಗಳಿಗೆ ಫೋನ್ ಮಾಡಿ, "ನೋಡಿದ ಮನೆಗೆ ಗಾಳಿ ಬೆಳಕು ಚೆನ್ನಾಗುಂಟಾ?" ಎಂದು ಕೇಳಿದೆ.

ಹಿಂದಿ ಬಿಟ್ಟು ಬೇರೆ ಮಾತಾಡದ ಹುಡುಗಿ ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು: "ಉಂಟು, ಅಮ್ಮಾ. ಬಾ, ಒಟ್ಟಿಗೆ ನೋಡುವಾ."