ಈಜು ಟೀಚರರ ಬೆಳ್ಳಿ ತ್ರಿಶೂಲಗಳು

ನಮ್ಮ ಎದುರು ಫ್ಲಾಟಿನ ಈಜು ಟೀಚರರ ಭುಜಗಳು ಎಷ್ಟು ಅಗಲವಾಗಿದ್ದವೆಂದರೆ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಅವರು ಲಿಫ್ಟಿಗೆ ಬಂದರೆ ಉಳಿದವರು ತಾವಾಗಿಯೇ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಕೂದಲು ಸದಾ ಒದ್ದೆ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಕಟ್ಟಡದ ಮಕ್ಕಳಿಗೆಲ್ಲ ಈಜು ಕಲಿಸಿದವರು ಅವರೇ. ಮಲ್ಪೆಯಲ್ಲಿ ಹುಟ್ಟಿಯೂ ನೀರಿಗೆ ಹೆದರುತ್ತಿದ್ದ ನನ್ನನ್ನು, "ಯಲ್ಲಾ, ನಡೀರಿ, ಅಮ್ಮನೂ ಇಳಿಯಲಿ" ಎಂದು ಮಗಳ ಜೊತೆಗೇ ಕೊಳಕ್ಕೆ ಇಳಿಸಿದರು. ನಾನು ಮುಳುಗಿ ಕೆಮ್ಮುತ್ತ ಮೇಲೆದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ನೀರು ಕುಡಿಯುವುದೂ ಒಂದು ಪಾಠವೇ ಎನ್ನುವುದು ಅವರ ವಾದ.

ಅವರು ಉಕ್ರೇನಿನವರು. 2015ರಲ್ಲಿ ಅವರ ದೇಶದ ಪೂರ್ವಭಾಗದಲ್ಲಿ ಯುದ್ಧ ನಡೆದಿತ್ತು. ಅವರ ಅಕ್ಕ ಪಾಠ ಹೇಳುತ್ತಿದ್ದ ಶಾಲೆ, ಆ ಕಡೆಯಿಂದ ಮನೆ ಬಿಟ್ಟು ಬಂದ ಮಕ್ಕಳಿಂದ ತುಂಬಿತ್ತು. ಚಳಿಗಾಲ ಹತ್ತಿರವಾಗುತ್ತಿದ್ದರೂ ಅವರಲ್ಲಿ ಅನೇಕರಿಗೆ ಬೆಚ್ಚಗಿನ ಕೋಟು ಇರಲಿಲ್ಲ. ಟೀಚರ್ ತಮ್ಮ ಊರಿನ ಟಿಕೆಟ್ಟಿಗೆಂದು ಕೂಡಿಟ್ಟದ್ದರಲ್ಲಿ ಬೆಳ್ಳಿ ಪದಕಗಳನ್ನು ಮಾಡಿಸಿ, ನನ್ನ ಮಗಳ ಶಾಲೆಯವರು ಅನುಮತಿ ಪಡೆದು ನಡೆಸುವ ಚಾರಿಟಿ ಮೇಳದಲ್ಲಿ ಮಾರುವುದೆಂದು ನಿಶ್ಚಯಿಸಿದರು. ಪದಕದ ಆಕಾರ ಅವರ ರಾಷ್ಟ್ರಲಾಂಛನದ್ದು: ಹಿಡಿಯಿಲ್ಲದ ತ್ರಿಶೂಲದಂತೆ ಮೂರು ಕವಲು. ಮೇಲಿಂದ ಎರಗುತ್ತಿರುವ ಗಿಡುಗ ಎಂದೂ ಹೇಳುವವರಿದ್ದಾರಂತೆ.

ಚಿನ್ನದ ಪೇಟೆಯಿರುವ ದೇರಾದಲ್ಲಿ ನನಗೆ ಪರಿಚಯವಿದ್ದ ಕುಮಟಾ ಕಡೆಯ ಅಕ್ಕಸಾಲಿಗರೊಬ್ಬರಿಗೆ ಚಿತ್ರ ಕೊಟ್ಟು ಬಂದೆವು. ಮೇಳದ ಹಿಂದಿನ ಸಂಜೆ ಅವರೇ ಪೊಟ್ಟಣ ತಂದರು. ಬಿಚ್ಚಿ ನೋಡಿದರೆ ಚೂಪು ಮೊನೆಯ, ಉದ್ದ ಹಿಡಿಯ, ನಡುವೆ ಪುಟ್ಟ ಡಮರು ಕಟ್ಟಿದ ಅಪ್ಪಟ ಶಿವನ ತ್ರಿಶೂಲಗಳು.

ನಾನು ಗಾಬರಿಯಿಂದ ಒಂದೊಂದನ್ನೇ ತಿರುಗಿಸಿ ನೋಡಿದೆ. ಅಕ್ಕಸಾಲಿಗರು ಮಾತ್ರ ಹೆಮ್ಮೆಯಿಂದ ನಿಂತಿದ್ದರು. "ಚಿತ್ರ ಬರ್ದವ್ರಿಗೆ ಕೈ ಕೂತಿಲ್ಲ ಅಂದ್ಕಂಡೆ ತಂಗಿ. ಹಿಡಿನೂ ಮರ್ತಿದ್ರು. ಎಲ್ಲಾ ನಾನೇ ಸರಿ ಮಾಡ್ದೆ."

ಅದನ್ನು ತಡವರಿಸುತ್ತ ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಒಂದು ಪದಕವನ್ನು ಬೆಳಕಿಗೆ ಹಿಡಿದು, ಡಮರು ತೋರಿಸಿ ಇದೇನೆಂದು ಕೇಳಿದರು. ನಮ್ಮ ದೇವರು ಕುಣಿಯುವಾಗ ಬಾರಿಸುವ ವಾದ್ಯ ಎಂದೆ. ಅಷ್ಟು ದೊಡ್ಡ ಮೈಯವರು ನೆಲಕ್ಕೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಾರಣ ತಿಳಿಯದೆ ಅಕ್ಕಸಾಲಿಗರೂ ನಕ್ಕರು. ನಿಜ ತಿಳಿದಾಗ ಅವರ ಮುಖ ಬಾಡಿತು. ಎಲ್ಲವನ್ನೂ ಕರಗಿಸಿ ಕೂಲಿಯಿಲ್ಲದೆ ಮಾಡಿಕೊಡುತ್ತೇನೆಂದರು. ಟೀಚರ್ ಅವರ ಕೈ ಹಿಡಿದುಕೊಂಡರು.

"ಕರಗಿಸುವುದು ಬೇಡ. ನಾಳೆ ಇವನ್ನೇ ಮಾರೋಣ. ಇವು ಹೀಗೇಕಾದವು ಅನ್ನುವ ಕಥೆಯನ್ನೂ ಹೇಳೋಣ."

ಮರುದಿನ ಮೇಜಿನ ಮೇಲೆ ಒಂದು ಕಡೆ ಲಾಂಛನದ ಚಿತ್ರ, ಇನ್ನೊಂದು ಕಡೆ ತ್ರಿಶೂಲಗಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಅಕ್ಕಸಾಲಿಗರನ್ನು ಟೀಚರ್ ತಮ್ಮ ಪಾಲುದಾರರೆಂದೇ ಎಲ್ಲರಿಗೂ ಪರಿಚಯಿಸಿದರು. ಕಥೆ ಕೇಳಿ ನಕ್ಕವರು ಬರಿಗೈಲಿ ಹೋಗಲಿಲ್ಲ. ತ್ರಿಶೂಲಗಳನ್ನು ನಮ್ಮ ಕಡೆಯವರೇ ಮಧ್ಯಾಹ್ನದೊಳಗೆ ಖಾಲಿ ಮಾಡಿದರು. ಅರಬ್ ಹಿರಿಯರೊಬ್ಬರು ಚಿತ್ರದಲ್ಲಿ ಗಿಡುಗವನ್ನು ಗುರುತಿಸಿ, ತಮಗೆ ಅದೇ ಬೇಕೆಂದು ಪಟ್ಟು ಹಿಡಿದರು. ಅವರನ್ನು ಕಂಡು ಇತರರೂ ಕೇಳತೊಡಗಿದರು. ಅಕ್ಕಸಾಲಿಗರು ಎಲ್ಲರಿಗೂ ಒಪ್ಪಿಕೊಂಡರು. ಈ ಸಲ ಚಿತ್ರದಲ್ಲಿದ್ದಂತೆಯೇ ಮಾಡಿಕೊಟ್ಟರು. ಅಕ್ಕನ ಶಾಲೆಯ ಮಕ್ಕಳಿಗೆ ಕೋಟಿನ ಜೊತೆ ಬೂಟುಗಳೂ ಬಂದವು.

ಈಗಲೂ ಆಫೀಸಿನಲ್ಲಿ ಯಾರಾದರೂ ಕೆಲಸ ಕೆಡಿಸಿ ತಂದಾಗ, ಸಿಡುಕುವ ಬದಲು ಇದೇನೆಂದು ಕೇಳುತ್ತೇನೆ. ಅದು ಟೀಚರರಿಂದ ಬಂದದ್ದು. ಆಮೇಲೆ ಅವರು ಊರಿಗೇ ಮರಳಿದರು. ಕೆಲವು ವರ್ಷಗಳ ನಂತರ ತೀರಿಕೊಂಡರೆಂದು ಅವರ ಅಕ್ಕ ಫೋನು ಮಾಡಿ ತಿಳಿಸಿದರು. ಆದರೆ ಅವರನ್ನು ನೆನೆದರೆ ನನ್ನ ಕಣ್ಣ ಮುಂದೆ ಬರುವುದು ಮೇಳ ನಡೆದ ವರ್ಷದ ಡಿಸೆಂಬರಿನ ಒಂದು ಶುಕ್ರವಾರ. ಅಕ್ಕ ವಿಡಿಯೋ ಕಾಲ್ ಮಾಡಿ ಹಿಮ ಬಿದ್ದ ಶಾಲೆಯ ಅಂಗಳ ತೋರಿಸುತ್ತಿದ್ದರು. ಹೊಸ ಕೋಟಿನ ಮಕ್ಕಳು ಕಿರುಚುತ್ತ ಓಡಾಡುತ್ತಿದ್ದರು. ಹಿಮವನ್ನೇ ಕಾಣದ ಅಕ್ಕಸಾಲಿಗರು, ಮುಟ್ಟಿದರೆ ಹೇಗಿರುತ್ತದೆಂದು ಕೇಳಿದರು. ಟೀಚರ್ ಅದನ್ನು ತಮ್ಮ ಭಾಷೆಯಲ್ಲಿ ಕೂಗಿ ಕೇಳಿದರು. ಕೆಂಪು ಕೋಟಿನ ಹುಡುಗಿಯೊಬ್ಬಳು ಓಡಿ ಬಂದು, ಬೊಗಸೆ ಹಿಮವನ್ನು ನೇರ ನಮ್ಮ ಮುಖಕ್ಕೆ ಎರಚಿದಳು. ಫೋನಿನ ಪರದೆ ಬೆಳ್ಳಗಾಯಿತು. ದುಬೈಯಲ್ಲಿ ಕೂತಿದ್ದ ನಾವು ಮೂವರೂ ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಸರಿದೆವು.